ಬೇರೆ ಧರ್ಮ, ಬೇರೆ ಭಾಷೆ, ಬೇರೆ ದೇಶದ ಮದುವೆ: ಯಾವ ಕಾಯ್ದೆ, ಯಾವ ಕಾಗದ, ಎಲ್ಲಿ ಎಡವಟ್ಟಾಗುತ್ತೆ?

ತುಂಗಾತೀರ:
ಅಂತರಧರ್ಮದ ಮದುವೆ ಅಂದ ತಕ್ಷಣ ಮಾತೆಲ್ಲ ಮನೆಯವರು ಒಪ್ಪಿದ್ರಾ ಇಲ್ವಾ ಅನ್ನೋದರ ಸುತ್ತಲೇ ಗಿರಕಿ ಹೊಡೆಯುತ್ತೆ. ಒಪ್ಪಿದ ಮೇಲೂ ಎಡವುವ ಜೋಡಿಗಳ ಬಗ್ಗೆ ಬರೆಯುವವರು ಕಡಿಮೆ. ಹುಡುಗಿ ಮೈಸೂರಿನ ಹಿಂದೂ, ಹುಡುಗ ಕೊಟ್ಟಾಯಂನ ಕ್ರಿಶ್ಚಿಯನ್, ಇಬ್ಬರಿಗೂ ಬೆಂಗಳೂರಲ್ಲಿ ಕೆಲಸ, ಎರಡೂ ಮನೆಯವರು ಒಪ್ಪಿದ್ದಾರೆ ಅಂತಲೇ ಇಟ್ಟುಕೊಳ್ಳಿ. ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಹಿಂದೂ ವಿವಾಹ ಅಂತ ನೋಂದಾಯಿಸಿದರೆ ಮುಗೀತು ಅನ್ನೋ ಸಲಹೆ ಎಲ್ಲಾ ಕಡೆ ಕೇಳಿಬರುತ್ತೆ. ಅದು ಸರಿನಾ? ಮದುವೆ ಆದಮೇಲೆ ಆಸ್ತಿ, ಮಕ್ಕಳು, ಭಾಷೆ, ಅಡುಗೆಮನೆ ಇವೆಲ್ಲದರಲ್ಲೂ ಏನೇನು ತಪ್ಪಾಗುತ್ತೆ? ಗೊತ್ತಿರೋರು ಖಚಿತವಾಗಿ ಹೇಳಿ.

ಕೋರ್ಟ್_ಕಾರಿಡಾರ್:
ಸರಿಯಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ. ಬೌದ್ಧ, ಜೈನ, ಸಿಖ್ಖರೂ ಆ ಲೆಕ್ಕಕ್ಕೆ ಬರ್ತಾರೆ. ಒಬ್ಬರು ಕ್ರಿಶ್ಚಿಯನ್ ಆಗಿದ್ದು ಹಿಂದೂ ಪದ್ಧತಿಯಲ್ಲಿ ಮದುವೆಯಾಗಿ, ಅದೇ ಕಾಯ್ದೆಯಡಿ ನೋಂದಣಿಯನ್ನೂ ಮಾಡಿಸಿಕೊಂಡಿದ್ದ ಪ್ರಕರಣ ಒಂದು ಸುಪ್ರೀಂ ಕೋರ್ಟಿನವರೆಗೂ ಹೋಗಿ, 2008ರಲ್ಲಿ ಆ ಮದುವೆ ಅಸಿಂಧು ಅಂತ ತೀರ್ಪಾಯಿತು. ಕೈಯಲ್ಲಿ ಸರ್ಟಿಫಿಕೇಟ್ ಇತ್ತು, ಆದರೂ ಉಳಿಯಲಿಲ್ಲ.

ಈ ಎಡವಟ್ಟು ಮದುವೆ ದಿನ ಗೊತ್ತಾಗಲ್ಲ. ಹತ್ತು ವರ್ಷ ಆದಮೇಲೆ ಪಿಂಚಣಿ, ಆಸ್ತಿ ಪಾಲು, ಇಲ್ಲವೇ ಜೀವನಾಂಶದ ಕೇಸು ಬಂದಾಗ ಎದುರು ಪಕ್ಷದ ವಕೀಲರು ಮೊದಲು ಎತ್ತೋದೇ ಈ ಮಾತನ್ನ. ಅದಕ್ಕೇ ಛತ್ರ ಹುಡುಕೋ ಮುಂಚೆ ಯಾವ ಕಾಯ್ದೆಯಡಿ ಮದುವೆ ಅನ್ನೋದನ್ನ ತೀರ್ಮಾನಿಸಿ. ಉಳಿದಿದ್ದೆಲ್ಲ ಅದರ ಮೇಲೇ ನಿಂತಿರುತ್ತೆ.

ಹೊಸಮನೆ:
ಹಾಗಾದ್ರೆ ಹುಡುಗ ಆರ್ಯ ಸಮಾಜದಲ್ಲಿ ಶುದ್ಧಿ (ಹಿಂದೂ ಧರ್ಮಕ್ಕೆ ಸೇರಿಸಿಕೊಳ್ಳೋ ವಿಧಿ) ಮಾಡಿಸಿಕೊಂಡರೆ ಆಯ್ತಲ್ಲ? ಒಂದೇ ದಿನದ ಕೆಲಸ.

ಕೋರ್ಟ್_ಕಾರಿಡಾರ್:
@ಹೊಸಮನೆ, ನಂಬಿಕೆಯಿಂದ ಮತಾಂತರವಾದರೆ ಅದು ಅವರವರ ಹಕ್ಕು. ಮದುವೆಯ ಸಲುವಾಗಿ ಒಂದು ದಿನಕ್ಕೆ ಹೆಸರು ಬದಲಿಸಿ, ಮರುವಾರದಿಂದ ಮತ್ತೆ ಚರ್ಚಿಗೆ ಹೋದರೆ, ಮುಂದೆ ಯಾರಾದರೂ ಪ್ರಶ್ನೆ ಮಾಡಿದಾಗ ಆ ಮತಾಂತರ ನಿಜವಾದದ್ದು ಅಂತ ಸಾಬೀತು ಮಾಡೋದು ಕಷ್ಟ. ಇಬ್ಬರೂ ತಂತಮ್ಮ ಧರ್ಮದಲ್ಲೇ ಉಳಿದು ಮದುವೆಯಾಗೋಕೆ 1954ರ ವಿಶೇಷ ವಿವಾಹ ಕಾಯ್ದೆ ಇರುವಾಗ ಈ ಸುತ್ತುಬಳಸು ದಾರಿ ಯಾಕೆ?

ಕಡಲತಡಿ:
ಚರ್ಚಿನ ದಾರಿಯೂ ಉಂಟು ಮಾರಾಯ್ರೆ, ಅದನ್ನು ಬಿಟ್ಟೇ ಬಿಟ್ರಿ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಲ್ಲಿ ಇಬ್ಬರಲ್ಲಿ ಒಬ್ಬರು ಕ್ರಿಶ್ಚಿಯನ್ ಆಗಿದ್ರೆ ಸಾಕು. ಮಂಗಳೂರು ಕಡೆ ಇದು ಹೊಸತಲ್ಲ. ಆದರೆ ಕಥೋಲಿಕರಾದರೆ, ಜ್ಞಾನಸ್ನಾನ ಆಗದವರ ಜೊತೆ ಮದುವೆಗೆ ಬಿಷಪರ ವಿನಾಯಿತಿ ಪತ್ರ ಬೇಕು. ಪಾದ್ರಿಯವರು ಅರ್ಜಿ ಬರೆದು ಮೇಲೆ ಕಳಿಸ್ತಾರೆ. ಕಥೋಲಿಕ ಸಂಗಾತಿ ತನ್ನ ನಂಬಿಕೆ ಬಿಡುವುದಿಲ್ಲ, ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಲು ಕೈಲಾದಷ್ಟು ಪ್ರಯತ್ನಿಸ್ತೇನೆ ಎಂದು ಮಾತು ಕೊಡಬೇಕು. ಆ ಮಾತು ಕೊಟ್ಟ ಸಂಗತಿಯನ್ನು ಇನ್ನೊಬ್ಬರಿಗೆ ತಿಳಿಸಿರಬೇಕು.

ಎಡವಟ್ಟು ಆಗುದು ಇಲ್ಲಿಯೇ. ಹಿಂದೂ ಕಡೆಯವರು ಇದನ್ನು ಬರೀ ಶಾಸ್ತ್ರ ಅಂದ್ಕೊಂಡು ತಲೆ ಆಡಿಸ್ತಾರೆ. ಮಗು ಹುಟ್ಟಿದ ಮೇಲೆ ನಾಮಕರಣವಾ ಜ್ಞಾನಸ್ನಾನವಾ ಎಂದು ಎರಡೂ ಅಜ್ಜಿಯಂದಿರ ನಡುವೆ ಶುರುವಾಗ್ತದೆ. ಮದುವೆಗೆ ಮೊದಲೇ ಅರ್ಧ ಗಂಟೆ ಕೂತು ಆ ಕಾಗದವನ್ನು ಇಬ್ಬರೂ ಒಟ್ಟಿಗೆ ಓದಬೇಕು.

ತುಂಗಾತೀರ:
ವಿಶೇಷ ವಿವಾಹ ಕಾಯ್ದೆಯ ಹಂತಗಳನ್ನ ಯಾರಾದರೂ ಬಿಡಿಸಿ ಬರೀತೀರಾ? 30 ದಿನ ಅನ್ನೋದು ಎರಡೆರಡು ಸಲ ಬರುತ್ತೆ, ಗೊಂದಲ.

ನೀಲಗಿರಿ_ಮರ:
ಎರಡೆರಡು ಸಲ ಬರುತ್ತೆ, ನಿಜ. ಗೊಂದಲಕ್ಕೆ ಕಾರಣವೇ ಅದು.

ಮೊದಲ 30 ದಿನ ವಾಸದ್ದು. ಮದುವೆಯಾಗ್ತೀವಿ ಅಂತ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು; ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ, ನೋಟಿಸ್ ಕೊಡುವ ದಿನಕ್ಕೆ ಹಿಂದಿನ 30 ದಿನ ವಾಸವಿರಬೇಕು. ಆಧಾರ್‌ನಲ್ಲಿ ಊರಿನ ವಿಳಾಸವೇ ಇದ್ದರೆ ಬಾಡಿಗೆ ಕರಾರು ಪತ್ರ ಕೇಳ್ತಾರೆ. ಕರಾರಿನ ಸ್ಟಾಂಪ್ ಪೇಪರ್ ಹತ್ತು ದಿನದ ಹಿಂದಿನದಾಗಿದ್ದರೆ ಅರ್ಜಿ ಅಲ್ಲೇ ವಾಪಸ್.

ಎರಡನೇ 30 ದಿನ ಆಕ್ಷೇಪಣೆಯದ್ದು. ನೋಟಿಸಿನ ಪ್ರತಿಯನ್ನು ಕಚೇರಿಯ ಎದ್ದುಕಾಣುವ ಜಾಗದಲ್ಲಿ ಅಂಟಿಸ್ತಾರೆ. ಹೆಸರು, ವಯಸ್ಸು, ಕೆಲಸ, ವಿಳಾಸ ಎಲ್ಲ ಅದರಲ್ಲಿರುತ್ತೆ. ಆ ಅವಧಿ ಮುಗಿದ ಮೇಲೆ ಮದುವೆ. ಇದರ ಜೊತೆ ಮೂರನೇ ಗಡುವೊಂದಿದೆ, ಅದನ್ನ ಯಾರೂ ಹೇಳಲ್ಲ: ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ನೋಟಿಸ್ ಸತ್ತುಹೋಗುತ್ತೆ, ಮತ್ತೆ ಮೊದಲಿಂದ ಶುರು. ಜೂನ್ 1ಕ್ಕೆ ಕೊಟ್ಟರೆ ಜುಲೈ ಮೊದಲ ವಾರದಿಂದ ಆಗಸ್ಟ್ ಕೊನೆಯೊಳಗೆ ದಿನ ಹಿಡಿಯಬೇಕು. ಆಷಾಢ ಕಳೀಲಿ, ಶ್ರಾವಣದಲ್ಲಿ ನೋಡೋಣ, ಗಣೇಶ ಹಬ್ಬ ಆಗ್ಲಿ ಅಂತ ತಳ್ಳಿದವರ ಗಡುವು ಹೀಗೇ ತಪ್ಪೋದು.

ಮದುವೆ ದಿನ ಮೂವರು ಸಾಕ್ಷಿಗಳು, ಮೂವರದ್ದೂ ಗುರುತಿನ ಚೀಟಿ ಮೂಲಪ್ರತಿ. ಇಬ್ಬರು ಸಾಲಲ್ಲ. ನಾನು ನಿಮ್ಮನ್ನು ಕಾನೂನುಬದ್ಧ ಪತ್ನಿಯಾಗಿ, ಪತಿಯಾಗಿ ಸ್ವೀಕರಿಸ್ತೇನೆ ಅನ್ನೋ ಮಾತನ್ನ ಇಬ್ಬರೂ ತಮಗೆ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಬಾಯಿಬಿಟ್ಟು ಹೇಳಬೇಕು. ಕನ್ನಡದಲ್ಲಿ ಹೇಳಬಹುದು, ಮಲಯಾಳಂನಲ್ಲೂ ಹೇಳಬಹುದು.

ಅಂಚೆಪೆಟ್ಟಿಗೆ:
ನೋಟಿಸ್ ಮನೆಗೆ ಅಂಚೆಯಲ್ಲಿ ಹೋಗುತ್ತೆ ಅಂತಾರಲ್ಲ, ಅದಕ್ಕೇ ಜೋಡಿಗಳು ಹೆದರೋದು.

ಕೋರ್ಟ್_ಕಾರಿಡಾರ್:
ಅಪ್ಪ ಅಮ್ಮನಿಗೆ ಅಂಚೆಯಲ್ಲಿ ಕಳಿಸಬೇಕು ಅಂತ ಕಾಯ್ದೆಯ ಯಾವ ಕಲಮಿನಲ್ಲೂ ಇಲ್ಲ. ದೆಹಲಿ ಹೈಕೋರ್ಟ್ 2009ರಲ್ಲೇ ಹಾಗೆ ಮನೆಗೆ ಕಳಿಸೋದು ತಪ್ಪು ಅಂದಿದೆ. ಇರೋದು ಇಷ್ಟು: ಒಬ್ಬರ ಕಾಯಂ ವಿಳಾಸ ಬೇರೆ ಜಿಲ್ಲೆಯಲ್ಲಿದ್ದರೆ ಒಂದು ಪ್ರತಿ ಆ ಜಿಲ್ಲೆಯ ವಿವಾಹಾಧಿಕಾರಿಗೆ ಹೋಗುತ್ತೆ, ಅಲ್ಲಿನ ಬೋರ್ಡಿಗೂ ಅಂಟಿಸ್ತಾರೆ. ಮೇಲಿನ ಉದಾಹರಣೆಯಲ್ಲಿ ಒಂದು ಪ್ರತಿ ಮೈಸೂರಿಗೆ, ಒಂದು ಕೊಟ್ಟಾಯಂಗೆ. ಹಾಗಾಗಿ ಊರಿನವರಿಗೆ ಗೊತ್ತಾಗೋ ಸಾಧ್ಯತೆ ಇದ್ದೇ ಇದೆ, ಅದನ್ನ ಮುಚ್ಚಿಡಬಾರದು.

ಕೇರಳದಲ್ಲಿ ಈ ನೋಟಿಸುಗಳನ್ನ ಇಲಾಖೆಯ ಜಾಲತಾಣಕ್ಕೂ ಹಾಕ್ತಿದ್ರು. ಫೋಟೊ, ವಿಳಾಸದ ಸಮೇತ ವಾಟ್ಸಾಪಿನಲ್ಲಿ ಹರಿದಾಡಿ ಗಲಾಟೆಯಾದ ಮೇಲೆ 2020ರಲ್ಲಿ ನಿಲ್ಲಿಸಿದರು.

ಹೊಸಮನೆ:
ಅಲಹಾಬಾದ್ ಹೈಕೋರ್ಟ್ ನೋಟಿಸ್ ಅಂಟಿಸೋದೇ ಬೇಡ ಅಂದಿದೆ. ಅದನ್ನ ತೋರಿಸಿದರೆ ಇಲ್ಲೂ ಬಿಡ್ತಾರೆ.

ಕೋರ್ಟ್_ಕಾರಿಡಾರ್:
2021ರ ಜನವರಿ ತೀರ್ಪು ಅದು. ನೋಟಿಸ್ ಪ್ರಕಟಿಸಬೇಕೋ ಬೇಡವೋ ಅನ್ನೋ ಆಯ್ಕೆ ಜೋಡಿಗೆ ಬಿಟ್ಟದ್ದು ಅಂತ ಹೇಳಿತು. ಆದರೆ ಅದು ಉತ್ತರ ಪ್ರದೇಶದ ಹೈಕೋರ್ಟು. ನಮ್ಮ ಅಧಿಕಾರಿ ಅದನ್ನ ಪಾಲಿಸಲೇಬೇಕು ಅಂತಿಲ್ಲ. ಅದನ್ನೇ ನೆಚ್ಚಿಕೊಂಡು ಮದುವೆ ತಾರೀಕು ಇಟ್ಟುಕೊಳ್ಳಬೇಡಿ.

ಯಾರಾದರೂ ಆಕ್ಷೇಪಣೆ ಹಾಕಿಬಿಟ್ಟರೆ ಅಂತ ಭಯಪಡುವವರಿಗೆ: ಆಕ್ಷೇಪಣೆ ನಾಲ್ಕನೇ ಕಲಮಿನ ಷರತ್ತುಗಳ ಮೇಲೆ ಮಾತ್ರ ನಿಲ್ಲುತ್ತೆ. ಇನ್ನೊಬ್ಬ ಗಂಡ ಅಥವಾ ಹೆಂಡತಿ ಬದುಕಿದ್ದಾರೆ, ಒಪ್ಪಿಗೆ ಕೊಡುವಷ್ಟು ಮನಃಸ್ವಾಸ್ಥ್ಯ ಇಲ್ಲ, ಹುಡುಗನಿಗೆ 21, ಹುಡುಗಿಗೆ 18 ತುಂಬಿಲ್ಲ, ನಿಷಿದ್ಧ ಸಂಬಂಧ. ಜಾತಿ ಬೇರೆ, ಧರ್ಮ ಬೇರೆ, ನಾವು ಒಪ್ಪಿಲ್ಲ ಅನ್ನೋದು ಆಕ್ಷೇಪಣೆಯೇ ಅಲ್ಲ. ಅಧಿಕಾರಿ 30 ದಿನದೊಳಗೆ ವಿಚಾರಿಸಿ ತೀರ್ಮಾನಿಸಬೇಕು, ನಿರಾಕರಿಸಿದರೆ 30 ದಿನದೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ. ಹುರುಳಿಲ್ಲದ ಆಕ್ಷೇಪಣೆ ಹಾಕಿದವರಿಂದ ಜೋಡಿಗೆ 1000 ರೂಪಾಯಿವರೆಗೆ ಪರಿಹಾರ ಕೊಡಿಸಬಹುದು. 1954ರ ಮೊತ್ತ ಅದು, ಇವತ್ತಿಗೂ ಅಷ್ಟೇ ಇರೋದು ಅನ್ಯಾಯ ಅಂತ ನನ್ನ ಅಭಿಪ್ರಾಯ.

ಜೋಳದ_ರೊಟ್ಟಿ:
ಕಾಗದದ ಮಾತು ಖರೇ ಅದರಿ, ಆದ್ರ ಮನಿಯವರು ಒಪ್ಪದಿದ್ದಾಗ ಮೊದಲ ಪೆಟ್ಟು ಬೀಳೋದು ಪೊಲೀಸ್ ಠಾಣೆದಾಗ. ಹುಡುಗಿ ಕಾಣಿಸವಲ್ಲಳು ಅಂತ ಅಪ್ಪ ಕಂಪ್ಲೇಂಟ್ ಕೊಡ್ತಾನ, ಠಾಣೆಯವರು ಬಂದು ಹೇಳಿಕೆ ಕೊಡು ಅಂತ ಹುಡುಗಿಗೆ ಫೋನ್ ಮ್ಯಾಲೆ ಫೋನ್ ಮಾಡ್ತಾರ. ನಮ್ಮ ಬೆಳಗಾವಿ ಜಿಲ್ಲಾದ ಮುರಗೋಡ ಠಾಣೆದ್ದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಹರೇದ ಹುಡುಗಿ, ತಾನ ಲೆಕ್ಚರರ್. 2021ರ ಫೆಬ್ರವರಿದಾಗ ಕೋರ್ಟ್ ಏನಂತು ಅಂದ್ರ, ತನಿಖಾಧಿಕಾರಿ ತಾನ ಹುಡುಗಿ ಇದ್ದಲ್ಲಿಗೆ ಹೋಗಿ ಹೇಳಿಕಿ ಬರಕೊಳ್ಳಬೇಕಿತ್ತು, ಆಕಿನ್ನ ಠಾಣೆಗೆ ಬಾ ಅಂತ ಒತ್ತಾಯ ಮಾಡಿದ್ದು ತಪ್ಪು. ಇಂಥಾ ಪ್ರಕರಣ ಹ್ಯಾಂಗ ನಡಸಬೇಕು ಅಂತ ಪೊಲೀಸರಿಗೆ ತರಬೇತಿ ಕೊಡ್ರಿ ಅಂತನೂ ಹೇಳ್ತು.

ಅದಕ್ಕ ಮದುವಿ ಆದ ದಿನಾನ ಹುಡುಗಿ ತನ್ನ ಕೈಯಾರೆ ಒಂದು ಪತ್ರ ಬರೀಬೇಕು: ನನಗ ಇಷ್ಟು ವಯಸ್ಸು, ನನ್ನ ಇಚ್ಛಾದಿಂದ ಮದುವಿ ಆಗೀನಿ, ಯಾರೂ ಒತ್ತಾಯ ಮಾಡಿಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಮದುವಿ ಸರ್ಟಿಫಿಕೇಟ್ ಎರಡರ ಝೆರಾಕ್ಸ್ ಹಚ್ಚಿ, ತವರು ಊರಿನ ಠಾಣೆಗೂ, ಈಗ ಇರೋ ಊರಿನ ಠಾಣೆಗೂ, ಎಸ್ಪಿ ಆಫೀಸಿಗೂ ಸ್ಪೀಡ್ ಪೋಸ್ಟ್ ಮಾಡಬೇಕು. ರಸೀದಿ ಜೋಪಾನ ಇಟ್ಕೋರಿ. 2018ರ ಮಾರ್ಚದಾಗ ಸುಪ್ರೀಂ ಕೋರ್ಟಿನ ಶಕ್ತಿ ವಾಹಿನಿ ಪ್ರಕರಣದ ತೀರ್ಪು ಬಂದದ, ಜೀವಕ್ಕ ಅಪಾಯ ಅದ ಅಂದ್ರ ರಕ್ಷಣೆ ಕೊಡೋದು, ಸುರಕ್ಷಿತ ಮನಿ ಒದಗಿಸೋದು ಜಿಲ್ಲಾಡಳಿತದ್ದು, ಪೊಲೀಸರದು ಜವಾಬ್ದಾರಿ. ಅದರ ಹೆಸರು ಪತ್ರದಾಗ ಬರೀರಿ. ತುರ್ತಿಗೆ 112, ಹೆಣ್ಣುಮಕ್ಕಳಿಗೆ 181, ಉಚಿತ ವಕೀಲರು ಬೇಕಂದ್ರ 15100.

ಸಾಸಿವೆಕಾಳು:
ರೊಟ್ಟಿಯವರ ಪೋಸ್ಟನ್ನ ಎಲ್ಲರೂ ಉಳಿಸಿಟ್ಟುಕೊಳ್ಳಿ.

ಕಾಮನಬಿಲ್ಲು:
ಮನೆಯಲ್ಲಿ ವಿರೋಧ ಇಲ್ಲದ, ಇಬ್ಬರೂ ಹಿಂದೂಗಳೇ ಆಗಿರುವ ಅಂತರ್ಜಾತಿ ಜೋಡಿಗೆ ಈ ನೋಟಿಸಿನ ತಾಪತ್ರಯ ಬೇಕಿಲ್ಲ. ಹಿಂದೂ ವಿವಾಹ ಕಾಯ್ದೆಯೇ ಸಾಕು, ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ ಅರ್ಜಿ ಹಾಕಬಹುದು. ಆದರೆ ಮಂತ್ರಮಾಂಗಲ್ಯದ ಪ್ರಕಾರ ಮದುವೆಯಾದವರದ್ದು ಒಂದು ತೊಡಕಿದೆ.

ಕುವೆಂಪು ರೂಪಿಸಿದ ಆ ಪದ್ಧತಿಯಲ್ಲಿ ಪುರೋಹಿತರಿಲ್ಲ, ಅಗ್ನಿ ಸುತ್ತೋದಿಲ್ಲ. ಜಾತಿ ಮೀರಿದ ಮದುವೆಗೆ ಕರ್ನಾಟಕದಲ್ಲಿ ಅದಕ್ಕಿಂತ ಚೆಂದದ ವಿಧಾನ ಇನ್ನೊಂದಿಲ್ಲ. ಆದರೆ ಹಿಂದೂ ವಿವಾಹ ಕಾಯ್ದೆಯ ಏಳನೇ ಕಲಮು ಇಬ್ಬರಲ್ಲಿ ಒಬ್ಬರ ಸಂಪ್ರದಾಯದ ಶಾಸ್ತ್ರಗಳು ನಡೆದಿರಬೇಕು ಅನ್ನುತ್ತೆ. ತಮಿಳುನಾಡು ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗಳಿಗಾಗಿ 7ಎ ಅನ್ನೋ ತಿದ್ದುಪಡಿ ತಂದುಕೊಂಡಿತು, ಅದು ಆ ರಾಜ್ಯದ್ದು ಮಾತ್ರ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಶಾಸ್ತ್ರಗಳೇ ನಡೆಯದೆ ಬರೀ ಸರ್ಟಿಫಿಕೇಟ್ ಇದ್ದರೆ ಅದು ಹಿಂದೂ ಮದುವೆ ಆಗಲ್ಲ ಅಂದಿದೆ.

ಹೊಸಮನೆ:
ಇದು ಅತಿಯಾಯ್ತು. ಮಂತ್ರಮಾಂಗಲ್ಯದ ಮದುವೆಗಳು ದಶಕಗಳಿಂದ ನಡೀತಿವೆ, ಯಾರ ಮದುವೆಯೂ ಬಿದ್ದುಹೋಗಿಲ್ಲ. ಜನರನ್ನ ಸುಮ್ಮನೆ ಹೆದರಿಸ್ತಿದ್ದೀರಿ. ತಾಳಿ, ಹಾರ ಇದ್ದೇ ಇರುತ್ತಲ್ಲ.

ಕಾಮನಬಿಲ್ಲು:
ಹೆದರಿಸ್ತಿಲ್ಲ. ದಂಪತಿ ಚೆನ್ನಾಗಿರೋ ತನಕ ಯಾವ ಮದುವೆಯೂ ಬೀಳಲ್ಲ. ಪ್ರಶ್ನೆ ಏಳೋದು ಜಗಳವಾದಾಗ ಇಲ್ಲವೇ ಒಬ್ಬರು ತೀರಿಕೊಂಡಾಗ. ಮಂತ್ರಮಾಂಗಲ್ಯ ಮಾಡಿಕೊಳ್ಳಿ, ಜೊತೆಗೆ ವಿಶೇಷ ವಿವಾಹ ಕಾಯ್ದೆಯಡಿ ಮದುವೆ ಆಗಿಬಿಡಿ. ಅಲ್ಲಿ ಯಾವ ಶಾಸ್ತ್ರವೂ ಕಡ್ಡಾಯವಲ್ಲ, ಆ ಒಂದು ಮಾತು ಮತ್ತು ಮೂರು ಸಾಕ್ಷಿ ಸಾಕು. ಸಭೆಯ ಎದುರು ಕವಿವಾಣಿ, ಕಚೇರಿಯಲ್ಲಿ ಸಹಿ. ಎರಡೂ ಒಂದಕ್ಕೊಂದು ಅಡ್ಡ ಬರಲ್ಲ.

ನೀಲಗಿರಿ_ಮರ:
+1. ಅಂದಹಾಗೆ ಪ್ರೋತ್ಸಾಹಧನದ ವಿಷಯ ಬಿಟ್ಟುಹೋಯ್ತು. ಜೋಡಿಯಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರಾಗಿದ್ದರೆ ಸಮಾಜ ಕಲ್ಯಾಣ ಇಲಾಖೆಯ ಯೋಜನೆ ಇದೆ: ಪರಿಶಿಷ್ಟ ಜಾತಿಯ ಯುವತಿ ಬೇರೆ ಜಾತಿಯವರನ್ನ ಮದುವೆಯಾದರೆ 3 ಲಕ್ಷ, ಯುವಕ ಆದರೆ 2.5 ಲಕ್ಷ. ನೋಂದಣಿ ಪತ್ರ, ಇಬ್ಬರ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಅರ್ಜಿಗೆ ಗಡುವು ಇದೆ, ವರ್ಷಗಟ್ಟಲೆ ಬಿಟ್ಟು ಹೋದರೆ ಆಗಲ್ಲ. ಮದುವೆಯಾದ ತಿಂಗಳಲ್ಲೇ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ.

ಅಂಚೆಪೆಟ್ಟಿಗೆ:
ಮದುವೆ ಆದಮೇಲೆ ಹುಡುಗಿಯ ಜಾತಿ ಗಂಡನ ಜಾತಿ ಆಗುತ್ತಲ್ವಾ? ನಾಡಕಚೇರಿಯಲ್ಲಿ ಹಾಗಂತಾರೆ.

ಕೋರ್ಟ್_ಕಾರಿಡಾರ್:
ಆಗಲ್ಲ. ಜಾತಿ ಹುಟ್ಟಿನಿಂದ ಬರೋದು, ಮದುವೆಯಿಂದ ಬದಲಾಗಲ್ಲ ಅಂತ 2018ರಲ್ಲೂ ಸುಪ್ರೀಂ ಕೋರ್ಟ್ ಹೇಳಿದೆ. ಮಕ್ಕಳದ್ದು ಬೇರೆ ಲೆಕ್ಕ. ತಂದೆಯ ಜಾತಿ ಅನ್ನೋದು ಮೊದಲ ಊಹೆ ಅಷ್ಟೇ. ತಾಯಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿ, ಮಗು ತಾಯಿಯ ಸಮುದಾಯದಲ್ಲೇ ಬೆಳೆದು ಅದೇ ಅವಮಾನ, ಅದೇ ಕಷ್ಟ ಉಂಡಿದ್ದರೆ ಆ ಊಹೆಯನ್ನ ಸಾಕ್ಷ್ಯ ಕೊಟ್ಟು ಅಲ್ಲಗಳೆಯಬಹುದು ಅಂತ 2012ರ ತೀರ್ಪು ಇದೆ. ತಹಶೀಲ್ದಾರರ ಎದುರು ಶಾಲೆಯ ದಾಖಲೆ, ತಾಯಿಯ ಪ್ರಮಾಣಪತ್ರ, ಎಲ್ಲಿ ಬೆಳೆದದ್ದು ಅನ್ನೋದಕ್ಕೆ ಪುರಾವೆ ಇಡಬೇಕು.

ಇನ್ನೊಂದು: ಪರಿಶಿಷ್ಟ ಜಾತಿಯ ಸಂಗಾತಿ ಮದುವೆಗೋಸ್ಕರ ಕ್ರೈಸ್ತ ಅಥವಾ ಇಸ್ಲಾಂ ಧರ್ಮಕ್ಕೆ ಸೇರಿದರೆ ಪರಿಶಿಷ್ಟ ಜಾತಿಗಳ ಬಗೆಗಿನ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಆ ಸ್ಥಾನ ಹೋಗುತ್ತೆ. ಪರಿಶಿಷ್ಟ ಪಂಗಡಕ್ಕೆ ಆ ನಿರ್ಬಂಧ ಇಲ್ಲ.

ಕಾಡುಹೂವು:
ಪಂಗಡದ ಮಾತು ಬಂತು ಅಂತ ಹೇಳ್ತೇನೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳನ್ನು ನೋಡಿ. ಆಫ್ರಿಕಾ ಮೂಲದವರು, 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಇದ್ದಾರೆ, ಧರ್ಮ ದಾಟಿ ಸಂಬಂಧ ಬೆಳೆಸುವುದು ಅವರಿಗೆ ಅಪರೂಪ ಅಲ್ಲ. ಕಲಿಯಬೇಕಾದವರು ಉಳಿದ ನಾವು.

ತುಂಗಾತೀರ:
ಆಸ್ತಿ ಬಗ್ಗೆ? ವಿಶೇಷ ಕಾಯ್ದೆಯಡಿ ಮದುವೆಯಾದರೆ ಪಿತ್ರಾರ್ಜಿತದಲ್ಲಿ ಪಾಲು ಹೋಗುತ್ತೆ ಅಂತ ಮೈಸೂರು ಕಡೆ ಬಲವಾದ ನಂಬಿಕೆ.

ಕೋರ್ಟ್_ಕಾರಿಡಾರ್:
ಪಾಲು ಹೋಗಲ್ಲ. 19ನೇ ಕಲಮು ಹೇಳೋದು, ಅವಿಭಕ್ತ ಕುಟುಂಬದ ಹಿಂದೂ ಸದಸ್ಯರು ಈ ಕಾಯ್ದೆಯಡಿ ಮದುವೆಯಾದರೆ ಕುಟುಂಬದಿಂದ ಬೇರೆಯಾದಂತೆ ಅಂತ. ಅಂದರೆ ಆ ದಿನಕ್ಕೆ ಅವರ ಪಾಲೆಷ್ಟು ಅನ್ನೋದು ನಿಗದಿಯಾಗುತ್ತೆ, ಅದನ್ನ ಕೇಳಿ ಪಡೆಯುವ ಹಕ್ಕು ಹಾಗೇ ಇರುತ್ತೆ. ಇಬ್ಬರೂ ಹಿಂದೂಗಳಾಗಿದ್ದರೆ ಅದೂ ಅನ್ವಯಿಸಲ್ಲ, 1976ರಲ್ಲಿ ಸೇರಿಸಿದ 21ಎ ಅದನ್ನ ತೆಗೆದುಹಾಕಿದೆ.

ನಿಜವಾದ ಪೆಟ್ಟು ಇನ್ನೊಂದು ಕಡೆ ಇದೆ, ಅದನ್ನ ಯಾರೂ ನೋಡಲ್ಲ. ಧರ್ಮ ಬೇರೆಯಾದ ಜೋಡಿಗೆ ವಾರಸುದಾರಿಕೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ. ಹಿಂದೂ ಗಂಡ ವಿಲ್ ಬರೆಯದೆ ತೀರಿಕೊಂಡರೆ ಹೆಂಡತಿಗೆ ಮೂರನೇ ಒಂದು ಪಾಲು, ಮಕ್ಕಳಿಗೆ ಮೂರನೇ ಎರಡು. ಅವನ ತಾಯಿಗೆ? ಏನೂ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತಾಯಿ ಮೊದಲ ದರ್ಜೆಯ ವಾರಸುದಾರಳು, ಹೆಂಡತಿ ಮಕ್ಕಳಷ್ಟೇ ಪಾಲು. ಇಲ್ಲಿ ಮಕ್ಕಳಿದ್ದರೆ ಅಜ್ಜಿ ಹೊರಗೆ. ಮಗನನ್ನೇ ನೆಚ್ಚಿಕೊಂಡಿರೋ ವಿಧವೆ ತಾಯಿ ಇದ್ದರೆ, ಮದುವೆಯಾದ ತಿಂಗಳಲ್ಲೇ ವಿಲ್ ಬರೀರಿ. ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿಗಳ ಸಹಿ ಬೇಕು, ಆ ಸಾಕ್ಷಿಗಳು ವಿಲ್‌ನಲ್ಲಿ ಪಾಲು ಪಡೆಯುವವರಾಗಿರಬಾರದು.

ಸಾಸಿವೆಕಾಳು:
ಪಿಎಫ್ ಕೂಡ. ಮದುವೆಗೆ ಮುಂಚೆ ಅಮ್ಮನ ಹೆಸರಲ್ಲಿ ಮಾಡಿದ ನಾಮನಿರ್ದೇಶನ ಮದುವೆಯಾದ ಕೂಡಲೇ ರದ್ದಾಗುತ್ತೆ. ಯುಎಎನ್ ಪೋರ್ಟಲಿನಲ್ಲಿ ಹೊಸದಾಗಿ ಇ-ನಾಮಿನೇಷನ್ ಮಾಡಬೇಕು. ಅವಲಂಬಿತ ತಾಯಿಯನ್ನೂ ಸೇರಿಸಿ ಶೇಕಡಾವಾರು ಹಂಚಬಹುದು.

ಕಡಲತಡಿ:
ಹಿಂದೂ ಹುಡುಗಿ, ಮುಸ್ಲಿಂ ಹುಡುಗ ನಿಕಾಹ್ ಮಾಡಿಕೊಂಡರೆ ಹೇಗೆ ಅಂತ ಯಾರೂ ಹೇಳಲಿಲ್ಲ.

ಕೋರ್ಟ್_ಕಾರಿಡಾರ್:
ಹುಡುಗಿ ಮತಾಂತರ ಆಗದೆ ನಿಕಾಹ್ ಆದರೆ ಅದು ಕ್ರಮಬದ್ಧವಲ್ಲದ ಮದುವೆ. 2019ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಹಕ್ಕಿದೆ, ಹೆಂಡತಿಗೆ ಮೆಹರ್ ಸಿಗುತ್ತೆ, ವಾರಸು ಹಕ್ಕು ಸಿಗಲ್ಲ. ಹುಡುಗಿಯ ಹಿತ ನೋಡೋದಾದರೆ ವಿಶೇಷ ವಿವಾಹ ಕಾಯ್ದೆಯೇ ಸರಿ.

ಬರ್ಲಿನ್_ಕನ್ನಡಿಗ:
ಸಂಗಾತಿ ವಿದೇಶಿಯಾದರೆ ಏನು ಅಂತ ನಾನು ಸೇರಿಸ್ತೀನಿ. ಬೆಂಗಳೂರಲ್ಲಿ ವಿಶೇಷ ಕಾಯ್ದೆಯಡಿ ಮದುವೆಗೆ ಭಾರತೀಯ ಸಂಗಾತಿಯ 30 ದಿನದ ವಾಸವೇ ಸಾಕು. ವಿದೇಶಿ ಕಡೆಯವರು ತಮ್ಮ ದೇಶದಿಂದ ಅಥವಾ ರಾಯಭಾರ ಕಚೇರಿಯಿಂದ ಅವಿವಾಹಿತ ಅನ್ನೋ ಪತ್ರ ತರಬೇಕು. ಆ ಪತ್ರಕ್ಕೆ ವಾಯಿದೆ ಇರುತ್ತೆ, ತುಂಬಾ ಮುಂಚೆ ತಂದಿಟ್ಟುಕೊಂಡರೆ ನೋಟಿಸ್ ಮುಗಿಯೋ ಹೊತ್ತಿಗೆ ಹಳತಾಗುತ್ತೆ.

ಮದುವೆಯಾದ ತಕ್ಷಣ ಓಸಿಐ (ವಿದೇಶಿ ಪ್ರಜೆಗೆ ಭಾರತದಲ್ಲಿ ದೀರ್ಘಕಾಲ ಇರೋಕೆ ಬಿಡುವ ಕಾರ್ಡ್) ಸಿಗಲ್ಲ. ನೋಂದಾಯಿತ ಮದುವೆ ಎರಡು ವರ್ಷ ಸತತವಾಗಿ ನಡೆದಿರಬೇಕು. ಅಲ್ಲಿಯ ತನಕ ಎಂಟ್ರಿ ವೀಸಾ. ವೀಸಾ 180 ದಿನಕ್ಕಿಂತ ಹೆಚ್ಚಿನದಾದರೆ ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ನೋಂದಣಿ. ಪೌರತ್ವ ಬೇಕಾದರೆ ಏಳು ವರ್ಷದ ವಾಸ. ಓಸಿಐ ಇದ್ದವರು ಮನೆ ಕೊಳ್ಳಬಹುದು, ಹೊಲ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಸಕಲೇಶಪುರದಲ್ಲಿ ಕಾಫಿ ತೋಟವನ್ನು ಜಂಟಿ ಹೆಸರಲ್ಲಿ ತಗೊಳ್ಳೋಣ ಅಂತ ಮುಂಗಡ ಕೊಟ್ಟ ಮೇಲೆ ಇದು ಗೊತ್ತಾದರೆ ಕಷ್ಟ. ವಿಚ್ಛೇದನವಾದರೆ ಸಂಗಾತಿಯ ನೆಲೆಯಲ್ಲಿ ಸಿಕ್ಕ ಓಸಿಐ ರದ್ದಾಗಬಹುದು.

ಭಾರತ 2005ರಲ್ಲಿ ಅಪಾಸ್ಟಿಲ್ (ಒಂದು ದೇಶದ ದಾಖಲೆಯನ್ನ ಇನ್ನೊಂದು ದೇಶ ಒಪ್ಪುವಂತೆ ಹಾಕೋ ಮುದ್ರೆ) ಒಪ್ಪಂದ ಸೇರಿದೆ. ಆದರೆ ಜರ್ಮನಿ ಆಕ್ಷೇಪ ಎತ್ತಿದ್ದರಿಂದ ಈ ಎರಡು ದೇಶಗಳ ನಡುವೆ ಅದು ನಡೆಯಲ್ಲ. ಕರ್ನಾಟಕದ ಮದುವೆ ಸರ್ಟಿಫಿಕೇಟಿಗೆ ಅಪಾಸ್ಟಿಲ್ ಹಾಕಿಸಿಕೊಂಡು ಬಂದವರನ್ನ ಇಲ್ಲಿ ಮತ್ತೆ ದಾಖಲೆ ಪರಿಶೀಲನೆಗೆ ಕಳಿಸ್ತಾರೆ, ತಿಂಗಳುಗಟ್ಟಲೆ ಹಿಡಿಯುತ್ತೆ. ಸಂಗಾತಿ ವೀಸಾಕ್ಕೆ ಎ1 ಮಟ್ಟದ (ಮೊದಲ ಹಂತದ) ಜರ್ಮನ್ ಭಾಷಾ ಪರೀಕ್ಷೆ ಬೇರೆ.

ಅಂಚೆಪೆಟ್ಟಿಗೆ:
ಬಾಡಿಗೆ ಮನೆ ಸಿಗೋದೇ ದೊಡ್ಡ ಕಷ್ಟ. ಅದರಲ್ಲೂ ಸಂಗಾತಿ ಆಫ್ರಿಕಾದವರಾದರೆ ಫೋನಿನಲ್ಲಿ ಹೂಂ ಅಂದವರು ಬಾಗಿಲಲ್ಲಿ ಮುಖ ನೋಡಿ ಮನೆ ಹೋಯ್ತು ಅಂತಾರೆ. ಬಣ್ಣ ನೋಡಿ ಹೇಳೋ ಮಾತದು, ಬೇರೇನಲ್ಲ.

ಬರ್ಲಿನ್_ಕನ್ನಡಿಗ:
ಹೌದು, ಅದು ಜನಾಂಗಭೇದವೇ, ಅದಕ್ಕೆ ಬೇರೆ ಹೆಸರು ಕೊಡೋದು ಬೇಡ. ಕೆಲವು ಮಾಲೀಕರಿಗೆ ಮಾತ್ರ ಪೊಲೀಸ್ ತೊಂದರೆಯ ಭಯ ಇರುತ್ತೆ. ವಿದೇಶಿಯರನ್ನ ಇರಿಸಿಕೊಂಡ ಮಾಲೀಕರು 24 ಗಂಟೆಯೊಳಗೆ ಅವರ ವಿವರ ತಿಳಿಸುವ ಫಾರ್ಮ್ ತುಂಬಬೇಕು. ಆನ್‌ಲೈನಿನಲ್ಲೇ ಆಗುತ್ತೆ. ಪಾಸ್‌ಪೋರ್ಟ್, ವೀಸಾ ಪ್ರತಿ, ಫೋಟೊ, ಮದುವೆ ಸರ್ಟಿಫಿಕೇಟ್ ಒಂದು ಫೈಲಿನಲ್ಲಿಟ್ಟುಕೊಂಡು, ಫಾರ್ಮ್ ತುಂಬೋಕೆ ಪಕ್ಕದಲ್ಲಿ ಕೂತು ಸಹಾಯ ಮಾಡ್ತೀವಿ ಅಂತ ಮೊದಲ ಭೇಟಿಯಲ್ಲೇ ಹೇಳಿದರೆ ಆ ಭಯವಾದರೂ ಹೋಗುತ್ತೆ.

ನೀಲಗಿರಿ_ಮರ:
ಹೆಸರಿನ ರಗಳೆ ಮರೀಬೇಡಿ. ಎಸ್ಸೆಸ್ಸೆಲ್ಸಿಯಲ್ಲಿ "ಕವಿತಾ ಎಂ." ಆಧಾರ್‌ನಲ್ಲಿ "ಕವಿತಾ ಮಹದೇವ." ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯಲ್ಲ ಅಂತ ಬಿಡಿಸಿ ಬರೆದು "ಕವಿತಾ ಮಹದೇವಯ್ಯ." ನಮಗೆ ಮೂರೂ ಒಬ್ಬಳೇ. ವೀಸಾ ಅಧಿಕಾರಿಗೆ ಮೂವರು. ಮದುವೆ ನೋಟಿಸಿನಲ್ಲಿ ಪಾಸ್‌ಪೋರ್ಟಿನ ಹೆಸರನ್ನೇ ಅಕ್ಷರಕ್ಕೆ ಅಕ್ಷರ ಬರೆಸಿ. ಮಿಕ್ಕವನ್ನ ಆಮೇಲೆ ತಿದ್ದಿಸಬಹುದು, ಮದುವೆ ಸರ್ಟಿಫಿಕೇಟ್ ತಿದ್ದಿಸೋದು ತಲೆನೋವು.

ಸಾಸಿವೆಕಾಳು:
ಅಡುಗೆಮನೆಗೆ ಬರ್ತೀನಿ. ಲಿಂಗಾಯತರ ಮನೆಗೆ ಬಂಗಾಳಿ ಸೊಸೆ ಬಂದರೆ ಜಗಳ ಮೀನಿನಿಂದ ಶುರುವಾಗುತ್ತೆ ಅಂದುಕೊಳ್ತಾರೆ. ಮೀನು ಮನೆಗೆ ಬರಲ್ಲ ಅನ್ನೋದು ಮದುವೆಗೆ ಮುಂಚೆಯೇ ಮಾತಾಗಿರುತ್ತೆ. ಶುರುವಾಗೋದು ಸಾಸಿವೆ ಎಣ್ಣೆಯಿಂದ. ಹಸಿ ಎಣ್ಣೆಗೆ ಒಗ್ಗರಣೆ ಹಾಕಿದರೆ ಮೂಗಿಗೆ ಹೊಡೆಯುವ ಘಾಟು, ಅತ್ತೆಯವರು ಕೆಮ್ಮಿಕೊಂಡು ಹೊರಗೆ ಬರ್ತಾರೆ. ಆ ಎಣ್ಣೆಯನ್ನ ಬಾಣಲೆಯಲ್ಲಿ ಒಂಟಿಯಾಗಿ ಕಾಯಿಸಬೇಕು. ಗಾಢ ಹಳದಿ ತೆಳುವಾಗಿ, ಅಂಚಿನಿಂದ ತಿಳಿ ಹೊಗೆ ಏಳುವಾಗ ಉರಿ ಆರಿಸಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ಸಣ್ಣ ಉರಿಯಲ್ಲಿ ಒಗ್ಗರಣೆ. ಘಾಟು ಹೋಗಿ ಘಮ ಉಳಿಯುತ್ತೆ. ಅದೇ ಎಣ್ಣೆಯಲ್ಲಿ ಮಾಡಿದ ಬದನೆಕಾಯಿ ಪಲ್ಯ ಜೋಳದ ರೊಟ್ಟಿಗೆ ಚೆನ್ನಾಗಿ ಹೊಂದುತ್ತೆ.

ಮೀನು, ಮಾಂಸ ಬೇಯಿಸುವ ಒಪ್ಪಂದ ಇರೋ ಮನೆಯಾದರೆ ಒಂದು ಬಾಣಲೆ, ಒಂದು ಚಾಕು, ಒಂದು ಮಣೆ, ಪಾತ್ರೆ ತಿಕ್ಕೋ ನಾರು, ಇಷ್ಟನ್ನ ಬೇರೆ ಇಡಿ. ನಾರನ್ನ ಎಲ್ಲರೂ ಮರೀತಾರೆ, ವಾಸನೆ ದಾಟೋದು ಅದರಿಂದಲೇ.

ಜೋಳದ_ರೊಟ್ಟಿ:
ನಾರಿನ ಮಾತು ಖರೇ ಐತಿ ನೋಡ್ರಿ.

ಕಾಡುಹೂವು:
ಮಕ್ಕಳ ಭಾಷೆ ಬಗ್ಗೆ ಯಾರಾದರೂ ಹೇಳಿ. ತಾಯಿ ಕನ್ನಡ, ತಂದೆ ಮಲಯಾಳಂ, ಇಬ್ಬರ ನಡುವೆ ಇಂಗ್ಲಿಷ್. ಮಗು ಇಂಗ್ಲಿಷ್ ಬಿಟ್ಟು ಏನೂ ಮಾತಾಡಲ್ಲ, ಎರಡೂ ಕಡೆ ಅಜ್ಜಿಯರು ಮೂಕರಾಗ್ತಾರೆ.

ಕಾಮನಬಿಲ್ಲು:
ಒಬ್ಬರಿಗೆ ಒಂದು ಭಾಷೆ ಅಂತ ಹಂಚಿಕೊಳ್ಳಬೇಕು. ತಾಯಿ ಮಗುವಿನ ಜೊತೆ ಕನ್ನಡ ಮಾತ್ರ, ತಂದೆ ಮಲಯಾಳಂ ಮಾತ್ರ, ಹುಟ್ಟಿದ ದಿನದಿಂದ. ಗಂಡ ಹೆಂಡಿರು ತಮ್ಮಲ್ಲಿ ಇಂಗ್ಲಿಷ್ ಆಡಿಕೊಂಡರೆ ತೊಂದರೆ ಇಲ್ಲ. ಕೈತಪ್ಪೋದು ಮಗು ಪ್ಲೇಸ್ಕೂಲಿಗೆ ಸೇರಿದಾಗ. ಅದು ಇಂಗ್ಲಿಷಲ್ಲಿ ಉತ್ತರ ಕೊಡೋಕೆ ಶುರು ಮಾಡುತ್ತೆ, ಅಪ್ಪ ಅಮ್ಮ ತಮಗೆ ಗೊತ್ತಿಲ್ಲದೇ ಅದೇ ಭಾಷೆಗೆ ಹೊರಳ್ತಾರೆ. ಹೊರಳಬಾರದು, ಬೈಯಲೂಬಾರದು. ಮಗು "ವಾಟರ್" ಅಂದರೆ "ನೀರು ಬೇಕಾ ಪುಟ್ಟ, ತಗೋ ನೀರು" ಅಂತ ಕನ್ನಡದಲ್ಲೇ ಮುಂದುವರಿಸಿ. ಅಜ್ಜಿಯ ವಿಡಿಯೋ ಕಾಲ್ ವಾರಕ್ಕೆ ಒಂದು ಗಂಟೆ ಮಾಡೋ ಬದಲು ದಿನಾ ಹತ್ತು ನಿಮಿಷ ಮಾಡಿ. ಪಕ್ಕದಲ್ಲಿ ಕೂತು ಅನುವಾದ ಮಾಡಬೇಡಿ. ಅಜ್ಜಿಗೆ ಇಂಗ್ಲಿಷ್ ಬರಲ್ಲ ಅಂತ ಮಗುವಿಗೆ ಗೊತ್ತಾಗಬೇಕು, ಆಗ ಕನ್ನಡ ತಾನಾಗೇ ಬರುತ್ತೆ.

ಕರ್ನಾಟಕದಲ್ಲೇ ಇದ್ದರೆ 2015ರ ಕನ್ನಡ ಕಲಿಕಾ ಕಾಯ್ದೆಯ ದೆಸೆಯಿಂದ ಓದು ಬರಹ ಶಾಲೆಯಲ್ಲಿ ಸಿಗುತ್ತೆ. ಹಾಗಾಗಿ ಮನೆಯಲ್ಲಿ ಹೆಚ್ಚು ಒತ್ತು ಬೇಕಿರೋದು ಮಲಯಾಳಂಗೆ. ಇದನ್ನ ಕನ್ನಡದವರು ದೊಡ್ಡ ಮನಸ್ಸಿನಿಂದ ಒಪ್ಪಬೇಕು.

ಹೊಸಮನೆ:
ಇದಕ್ಕೆ ನನ್ನ ತಕರಾರಿಲ್ಲ. ವಿದೇಶಿ ಅಳಿಯ, ಸೊಸೆಗೆ ಕನ್ನಡ ಕಲಿಸೋರು ಮೊದಲು "ನೀವು" ಕಲಿಸಿ. ಗಂಡನ ಬಾಯಲ್ಲಿ "ಬಾರೋ, ಹೋಗೋ" ಕೇಳಿ ಕಲಿತು ಮಾವನಿಗೇ "ಬಾರೋ" ಅಂದುಬಿಡ್ತಾರೆ. ಹೆಸರು ಹಿಡಿದು ಕರೆಯೋದು ಅವರ ದೇಶದಲ್ಲಿ ಪ್ರೀತಿ, ನಮ್ಮ ಅತ್ತೆಗೆ ಅದು ಪೆಟ್ಟು. "ಅಮ್ಮ, ಅಪ್ಪಾಜಿ" ಎರಡೇ ಪದ ಮೊದಲ ವಾರದಲ್ಲಿ ಸಾಕು.

ಕಡಲತಡಿ:
ಸಾವಿನ ಮಾತು ಆಡಿದರೆ ಅಪಶಕುನ ಅಂತೀರಿ, ಆದರೂ ಹೇಳ್ತೇನೆ. ಚರ್ಚಿನ ಸಮಾಧಿ ಸ್ಥಳ, ಖಬರಸ್ತಾನ ಎರಡರಲ್ಲೂ ಬೇರೆ ಧರ್ಮದ ಸಂಗಾತಿಗೆ ಜಾಗ ಕೊಡುವುದು ಬಿಡುವುದು ಅಲ್ಲಿಯವರ ತೀರ್ಮಾನ. ಪಾಲಿಕೆಯ ವಿದ್ಯುತ್ ಚಿತಾಗಾರ ಧರ್ಮ ಕೇಳುದಿಲ್ಲ. ಯಾರಿಗೆ ಯಾವ ರೀತಿ ಬೇಕು ಎಂದು ಇಬ್ಬರೂ ಬರೆದು ಸಹಿ ಹಾಕಿ, ಒಂದೊಂದು ಪ್ರತಿ ಎರಡೂ ಮನೆಯ ಹಿರಿಯರ ಕೈಗೆ ಕೊಡಿ. ಆ ದಿನ ಅಂಗಳದಲ್ಲಿ ನಿಂತು ಜಗಳ ಆಡುವ ಹಾಗೆ ಆಗಬಾರದು.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಕೊನೇ ಪ್ರಶ್ನೆ: ದೇವಸ್ಥಾನದಲ್ಲೋ ಚರ್ಚಲ್ಲೋ ಮದುವೆ ಆಗಿ ಐದಾರು ವರ್ಷ ಆಗಿಬಿಟ್ಟಿದೆ, ಕಾಯ್ದೆ ತಪ್ಪು ಅಂತ ಈಗ ಗೊತ್ತಾಯ್ತು. ಏನು ಮಾಡಬೇಕು?

ಕೋರ್ಟ್_ಕಾರಿಡಾರ್:
15ನೇ ಕಲಮು ಇರೋದು ಅದಕ್ಕೇ. ಬೇರೆ ಪದ್ಧತಿಯಲ್ಲಿ ಮದುವೆಯಾಗಿ ಅಂದಿನಿಂದ ಗಂಡ ಹೆಂಡಿರಾಗಿ ಬಾಳ್ತಿರುವವರು ಅದೇ ಮದುವೆಯನ್ನ ವಿಶೇಷ ವಿವಾಹ ಕಾಯ್ದೆಯಡಿ ನೋಂದಾಯಿಸಬಹುದು. ಇಬ್ಬರಿಗೂ 21 ತುಂಬಿರಬೇಕು, ಆ ಜಿಲ್ಲೆಯಲ್ಲಿ 30 ದಿನದ ವಾಸ ಇರಬೇಕು, ಇಲ್ಲೂ 30 ದಿನದ ನೋಟಿಸ್ ಇದೆ. ನೋಂದಣಿಯಾದರೆ ಆ ಮದುವೆ ಈ ಕಾಯ್ದೆಯಡಿಯೇ ಆದಂತೆ ಲೆಕ್ಕ. ಹಿಂದೆ ಹುಟ್ಟಿದ ಮಕ್ಕಳ ಹೆಸರನ್ನೂ ಮದುವೆ ಪುಸ್ತಕದಲ್ಲಿ ಬರೀತಾರೆ, ಅವರ ಜನನ ಪ್ರಮಾಣಪತ್ರಗಳನ್ನ ಮೊದಲ ದಿನವೇ ಜೊತೆಗೆ ತಗೊಂಡು ಹೋಗಿ.